ಸೂಪರ್ ಮಾರ್ಕೆಟ್ ಮಹಡಿ ಮೇಲಿನ ಕಂಪ್ಯೂಟರ್ ಅಂಗಡಿ: ನಮ್ಮ 1998ರ ಪಟ್ಟಿ ಪ್ರೋಗ್ರಾಂ ಈಗ ವಿಂಡೋಸ್ 11ರಲ್ಲಿ ಓಡುತ್ತಿದೆ

5ಕ್ಕೆ 4 ಸ್ಟಾರ್ ಕೊಡುತ್ತಿದ್ದೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ. ಕಲಬುರಗಿಯಲ್ಲಿ ಅಡತಿ (ಕಮಿಷನ್ ಮೇಲೆ ರೈತರ ಮಾಲು ಮಾರಿಸುವ) ಅಂಗಡಿಯೋ, ದಾಲ್ ಮಿಲ್ಲೋ ನಡೆಸುತ್ತಾ ಹಳೇ ಸಾಫ್ಟ್‌ವೇರ್ ನಂಬಿಕೊಂಡವರು ಇನ್ನೂ ಬಹಳ ಜನ ಇದ್ದೀರಿ. ಹೊಸ ಸಾಫ್ಟ್‌ವೇರಿಗೆ ದುಡ್ಡು ಕಟ್ಟುವ ಮುಂಚೆ ಒಂದ್ಸಲ ಈ ಅಂಗಡಿಯ ಮೆಟ್ಟಿಲು ಹತ್ತಿ ಬನ್ನಿ.

ಹೆಸರು, ಫೋನ್ ನಂಬರ್ ಹಾಕಬೇಡಿ ಅಂತ ಅಂಗಡಿಯವರೇ ಕೇಳಿಕೊಂಡಿದ್ದಾರೆ. ಒಬ್ಬರೇ ನಡೆಸುವ ಅಂಗಡಿ. ಫೋನ್ ಜಾಸ್ತಿಯಾದರೆ ಹಿಡಿದ ಕೆಲಸ ಕೆಡುತ್ತದಂತೆ. ಸೂಪರ್ ಮಾರ್ಕೆಟ್‌ನಲ್ಲಿ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಯಾರು ರಿಪೇರಿ ಮಾಡುತ್ತಾರೆ ಅಂತ ಕೇಳಿ, ದಾರಿ ತೋರಿಸುತ್ತಾರೆ.

ನಾನು ಕಪನೂರ ಕಡೆಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವಳು. 2003ರಿಂದ ಅಲ್ಲೇ ಇದ್ದೇನೆ. ನೆಹರು ಗಂಜ್‌ನಲ್ಲಿ ನಮ್ಮದೇ ಅಡತಿ ಅಂಗಡಿಯೂ ಇದೆ. ನಾನು ಸೇರುವ ಹೊತ್ತಿಗೇ ಅಲ್ಲಿ ಒಂದು ಪ್ರೋಗ್ರಾಂ ಓಡುತ್ತಿತ್ತು. 1998ರಲ್ಲಿ ಒಬ್ಬ ಹುಡುಗ ಫಾಕ್ಸ್‌ಪ್ರೊ 2.6 ಎಂಬ ಹಳೇ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದುಕೊಟ್ಟದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲವೇ ಇಲ್ಲ. ಆ ಹುಡುಗ ಯಾವಾಗಲೋ ಊರು ಬಿಟ್ಟ. ಅವನು ಬರೆದ ಮೂಲ ಫೈಲುಗಳೂ ನಮ್ಮಲ್ಲಿಲ್ಲ, ಓಡುವ ಪ್ರೋಗ್ರಾಂ ಮಾತ್ರ ಇದೆ.

"ಟ್ಯಾಲಿ ಇದೆಯಲ್ಲ, ಇದು ಯಾಕೆ?" ಅಂತ ಬಹಳ ಜನ ಕೇಳುತ್ತಾರೆ. ಟ್ಯಾಲಿ ನಮ್ಮಲ್ಲೂ ಇದೆ, ಜಿಎಸ್‌ಟಿ ಲೆಕ್ಕ ಎಲ್ಲ ಅದರಲ್ಲೇ. ಆದರೆ ರೈತರ ಪಟ್ಟಿ, ಅಂದರೆ ಮಾಲು ಮಾರಿದ್ದಕ್ಕೆ ಅವರಿಗೆ ಕೊಡುವ ಲೆಕ್ಕದ ಚೀಟಿ, ಈ ಹಳೆಯದರಲ್ಲಿ. ತೊಗರಿ ಸುಗ್ಗಿಯ ದಿನ ಗಂಜ್ ನೋಡಿದವರಿಗೆ ಗೊತ್ತು. ಟೇಬಲ್ ಮುಂದೆ ಹತ್ತು ಜನ ರೈತರು ನಿಂತಿರುತ್ತಾರೆ. ಅಫಜಲಪುರಕ್ಕೋ ಚಿತ್ತಾಪುರಕ್ಕೋ ವಾಪಸ್ ಹೋಗುವ ಗಾಡಿ ಹೊರಗೆ ಹಾರ್ನ್ ಹೊಡೆಯುತ್ತಿರುತ್ತದೆ. ರೈತರ ನಂಬರ್ ಹೊಡೆದು ಎಂಟರ್, ಚೀಲ, ಎಂಟರ್, ತೂಕ, ಎಂಟರ್, ದರ, ಎಂಟರ್. ಹಮಾಲಿ, ತೂಕದ ಕೂಲಿ, ಮೊದಲೇ ಒಯ್ದ ಮುಂಗಡ ಎಲ್ಲ ತಾನೇ ಕಳೆದು ಪಟ್ಟಿ ಹೊರಗೆ ಬರುತ್ತದೆ. ನಾನು ಪರದೆ ನೋಡದೆಯೂ ಹೊಡೆಯಬಲ್ಲೆ. ಆ ಕೆಲಸಕ್ಕೆ ಇದಕ್ಕಿಂತ ಚಂದದ ಸಾಫ್ಟ್‌ವೇರ್ ನಾನು ಇವತ್ತಿನವರೆಗೆ ನೋಡಿಲ್ಲ.

ಇಷ್ಟು ವರ್ಷ ಅದು 32 ಬಿಟ್ ವಿಂಡೋಸ್ 7ರ ಮೇಲೆ ಓಡಿತು. ತೊಂದರೆ ಬಂದದ್ದು ಬ್ರೌಸರ್ ಕಡೆಯಿಂದ. ಕ್ರೋಮ್ 109ರ ನಂತರ ವಿಂಡೋಸ್ 7ಕ್ಕೆ ಹೊಸ ಕ್ರೋಮ್ ಬರಲಿಲ್ಲ. 2023ರ ಫೆಬ್ರವರಿಯಿಂದ ಅದು ನಿಂತೇ ಹೋಗಿತ್ತು. ನಮಗೆ ಬಿಸಿ ತಟ್ಟಿದ್ದು ಆಮೇಲೆ. ಬ್ಯಾಂಕಿನ ಪುಟ ಅರ್ಧಕ್ಕೆ ನಿಲ್ಲತೊಡಗಿತು. ರೈತರಿಗೆ ಹಣ ಹಾಕುವ ದಿನ ಬ್ಯಾಂಕ್ ಪುಟ ತೆರೆಯದಿದ್ದರೆ ಏನಾಗುತ್ತದೆ ಅಂತ ಗಂಜ್‌ನಲ್ಲಿ ಕೂತವರಿಗೇ ಗೊತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಹೀಗಾಗಿ ಸಾವಕಾರರ ಮಗ ದೀಪಾವಳಿ ಮುಗಿದ ಮೇಲೆ ಎರಡು ಹೊಸ ಕಂಪ್ಯೂಟರ್ ತಂದರು. ಒಂದು ಲೆಕ್ಕಕ್ಕೆ, ಒಂದು ಲಾರಿ ತೂಗುವ ವೇಬ್ರಿಡ್ಜ್ ಕ್ಯಾಬಿನ್‌ಗೆ. ಎರಡರಲ್ಲೂ ವಿಂಡೋಸ್ 11.

ಪ್ರೋಗ್ರಾಂ ಮೇಲೆ ಕ್ಲಿಕ್ ಮಾಡಿದರೆ ನೀಲಿ ಪಟ್ಟೆಯಲ್ಲಿ ಒಂದು ಮಾತು ಬಂತು. ಇದು ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ, ಸಾಫ್ಟ್‌ವೇರ್ ಮಾಡಿದವರನ್ನು ಕೇಳಿ ಅಂತ. ಮಾಡಿದವನು ಎಲ್ಲಿದ್ದಾನೋ. ಕಂಪ್ಯೂಟರ್ ಮಾರಿದವರು ಬಂದು ಕಂಪ್ಯಾಟಿಬಿಲಿಟಿಯಲ್ಲಿ ವಿಂಡೋಸ್ 95 ಅಂತ ಟಿಕ್ ಹಾಕಿ ನೋಡಿದರು. ಅದೇ ಮಾತು ಮತ್ತೆ ಬಂತು. "ಇದು ಮುಗೀತು ಮೇಡಂ, ಹೊಸದು ಹಾಕಿಸ್ರಿ" ಎಂದು 38,000 ರೂಪಾಯಿಯ ಕೊಟೇಶನ್ ಇಟ್ಟು ಹೋದರು. ಆಗ ನವೆಂಬರ್ ಕೊನೆ. ಡಿಸೆಂಬರ್‌ಗೆ ಹೊಸ ತೊಗರಿ ಗಂಜ್‌ಗೆ ಬರಲು ಶುರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಅಂಗಡಿಯ ಬಗ್ಗೆ ಹೇಳಿದ್ದು ಗಂಜ್‌ನ ಒಬ್ಬ ಹಮಾಲಿ ಕಾಕಾ. ಅವರ ಸೊಸೆ ಕೆಲಸ ಮಾಡುವ ಔಷಧಿ ಅಂಗಡಿಯ ಹಳೇ ಬಿಲ್ಲಿಂಗ್ ಇವರೇ ಸರಿ ಮಾಡಿದ್ದರಂತೆ.

ಅಂಗಡಿಯವರಿಗೆ ಐವತ್ತರ ಮೇಲಿರಬಹುದು. ಹಳೇ ಸಿಪಿಯು ಜೊತೆ ಹೊಸ ಕಂಪ್ಯೂಟರ್, ಪ್ರಿಂಟರನ್ನೂ ಹಿಡಿದುಕೊಂಡು ಹೋದೆ. ಏನಾಗಿದೆ ಅಂತ ನಾನು ಹೇಳಿ ಮುಗಿಸುವ ಮುಂಚೆಯೇ ಕೇಳಿದರು: "ಅಕ್ಕಾ, ಡೇಟಾ ಎಲ್ಲಿ ಅದ? ಮೊದಲ ಅದನ್ನ ಎರಡು ಕಡೆ ಕಾಪಿ ಮಾಡ್ತೀನಿ. ಆಮ್ಯಾಗ ಮಾತಾಡೋಣು." ನನಗೆ ನಂಬಿಕೆ ಬಂದದ್ದು ಅಲ್ಲಿಗೇ. ಮಾರಿದವರು ಒಮ್ಮೆಯೂ ಡೇಟಾ ಬಗ್ಗೆ ಕೇಳಿರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಪ್ರೋಗ್ರಾಂನ ಫೋಲ್ಡರ್ ಡೆಸ್ಕ್‌ಟಾಪ್ ಮೇಲೆ ಇತ್ತು. ಡೆಸ್ಕ್‌ಟಾಪ್ ಒನ್‌ಡ್ರೈವ್ ಎಂಬ ಇಂಟರ್ನೆಟ್ ಸಂಗ್ರಹದ ಜೊತೆ ಸೇರಿಕೊಂಡಿತ್ತು. ಅವರು ಮೊದಲು ಅದನ್ನು ಬಿಡಿಸಿದರು. ತೆರೆದಿರುವ ಡಿಬಿಎಫ್ ಫೈಲನ್ನು, ಅಂದರೆ ನಮ್ಮ ಡೇಟಾ ಇರುವ ಫೈಲನ್ನು, ಒನ್‌ಡ್ರೈವ್ ಹಿಡಿದೆಳೆದರೆ ಲೆಕ್ಕ ಕೆಡಬಹುದು ಅಂತ ವಿವರಿಸಿದರು. ಸಿ ಡ್ರೈವ್‌ನಲ್ಲಿ ನೇರವಾಗಿ "ಅಡತ್" ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಟ್ಟರು. ಡಾಸ್ (ವಿಂಡೋಸ್‌ಗಿಂತ ಮುಂಚಿನ ಕಪ್ಪು ಪರದೆಯ ವ್ಯವಸ್ಥೆ) ಕಾಲದ ಪ್ರೋಗ್ರಾಂಗೆ ಎಂಟು ಅಕ್ಷರಕ್ಕಿಂತ ಉದ್ದದ ಹೆಸರು ತಿಳಿಯುವುದಿಲ್ಲ, ನಡುವೆ ಖಾಲಿ ಜಾಗವೂ ಬೇಡ.

ಹೊಸ ವಿಂಡೋಸ್‌ನಲ್ಲಿ ಇದು ಯಾಕೆ ಓಡುವುದಿಲ್ಲ ಅಂತ ಕೇಳಿದೆ. 32 ಬಿಟ್ ವಿಂಡೋಸ್ ಒಳಗೆ ಡಾಸ್ ಪ್ರೋಗ್ರಾಂಗಳಿಗೆ ಅಂತಲೇ ಒಂದು ಕೋಣೆ ಇತ್ತಂತೆ. 64 ಬಿಟ್ ವಿಂಡೋಸ್ ಮಾಡುವಾಗ ಮೈಕ್ರೋಸಾಫ್ಟ್ ಆ ಕೋಣೆಯನ್ನೇ ತೆಗೆಯಿತು. ವಿಂಡೋಸ್ 11 ಬರುವುದೇ 64ರಲ್ಲಿ. "ಅದಕ್ಕ ಯಾವ ಟಿಕ್ ಹಾಕಿದ್ರೂ ಉಪಯೋಗ ಇಲ್ರಿ. ಕೋಣಿ ನಾವೇ ಕಟ್ಟಬೇಕು" ಎಂದರು.

ಕಟ್ಟಿದ್ದು ವಿಡಾಸ್ ಎನ್ನುವ ಸಣ್ಣ ಉಚಿತ ಸಾಫ್ಟ್‌ವೇರ್‌ನಿಂದ. ಡಾಸ್‌ಬಾಕ್ಸ್ ಹೆಸರು ಕೆಲವರು ಕೇಳಿರುತ್ತೀರಿ, ಹಳೇ ಆಟ ಆಡಲು ಹುಡುಗರು ಹಾಕಿಕೊಳ್ಳುತ್ತಾರೆ. ವಿಡಾಸ್ ಅದರಿಂದಲೇ ಹುಟ್ಟಿದ್ದು. ಆಟಗಳನ್ನು ಬಿಟ್ಟು ಲೆಕ್ಕಪತ್ರದಂಥ ಅಕ್ಷರದ ಪ್ರೋಗ್ರಾಂಗಳಿಗಾಗಿಯೇ ಮಾಡಿದ್ದು. ಪ್ರಿಂಟ್ ಕಳಿಸುವ ದಾರಿ ಇದರಲ್ಲಿ ಮೊದಲಿಂದಲೂ ಇದೆ. ಅರ್ಧ ಗಂಟೆಯಲ್ಲಿ ನಮ್ಮ ಕಪ್ಪು ಪರದೆ ಹೊಸ ಮಾನಿಟರ್ ಮೇಲೆ ಬಂತು. ಅಕ್ಷರ ಮೊದಲಿಗಿಂತ ದೊಡ್ಡದಾಗಿ, ಸ್ವಚ್ಛವಾಗಿ ಕಾಣುತ್ತಿತ್ತು. ಇಂಡೆಕ್ಸ್ ಫೈಲುಗಳನ್ನು ಹೊಸದಾಗಿ ಕಟ್ಟಿಸಿದರು. ಆಮೇಲೆ ಕಳೆದ ವರ್ಷದ ಮೂರು ಪಟ್ಟಿ ತೆಗೆಯಲು ಹೇಳಿ, ನಾನು ಒಯ್ದಿದ್ದ ಕಾಗದದ ಪಟ್ಟಿಗಳ ಜೊತೆ ಪೈಸೆ ಪೈಸೆ ತಾಳೆ ನೋಡಿದರು.

ನಿಜವಾದ ಪರದಾಟ ಪ್ರಿಂಟರ್‌ನದು. ನಮ್ಮದು ಹಳೇ ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್, ಮೂರು ಪದರದ ಕಾರ್ಬನ್ ಕಾಗದ. ರೈತರಿಗೊಂದು, ಖರೀದಿದಾರರಿಗೊಂದು, ನಮಗೊಂದು. ಇಂಕ್‌ಜೆಟ್, ಲೇಸರ್ ಯಾವುದೂ ಇದಕ್ಕೆ ಆಗುವುದಿಲ್ಲ, ಸೂಜಿ ಬಡಿದರೆ ಮಾತ್ರ ಕೆಳಗಿನ ಕಾಪಿ ಮೂಡುತ್ತದೆ. ಪ್ರಿಂಟರಿಗಿರುವುದು ಅಗಲದ ಪ್ಯಾರಲಲ್ ಪೋರ್ಟ್, ಹೊಸ ಕಂಪ್ಯೂಟರಿನಲ್ಲಿ ಅದು ಇಲ್ಲ. ಯುಎಸ್‌ಬಿ ಕೇಬಲ್ ಹಾಕಿ ಪ್ರಿಂಟ್ ಕೊಟ್ಟರೆ ಒಂದು ಪಟ್ಟಿಗೆ ಒಂದು ನಿಮಿಷದ ಹತ್ತಿರ ಹಿಡಿಯಿತು. ಅಕ್ಷರವನ್ನು ಚಿತ್ರದ ಹಾಗೆ ಬಿಡಿಸುತ್ತಿತ್ತು, ಕಾಲಮ್‌ಗಳು ಓರೆಯಾಗಿ ಬಂದವು. ಸುಗ್ಗಿಯಲ್ಲಿ ಇದು ನಡೆಯುವುದಿಲ್ಲ ಎಂದೆ. ಅವರಿಗೂ ಅದು ಸರಿಬರಲಿಲ್ಲ.

ಮರುದಿನ ಮಿಲ್ಲಿಗೇ ಬಂದರು. ಪ್ರೋಗ್ರಾಂ ಪ್ರಿಂಟರಿಗೆ ಕಳಿಸುವುದನ್ನು ಒಂದು ಫೈಲ್ ಆಗಿ ಹಿಡಿದು, ವಿಂಡೋಸ್ ಅದನ್ನು ಮುಟ್ಟದಂತೆ ಇದ್ದ ಹಾಗೇ ಪ್ರಿಂಟರಿಗೆ ದಾಟಿಸುವ ಎರಡು ಸಾಲಿನ ಬ್ಯಾಚ್ ಫೈಲ್ ಬರೆದರು. ಹಾಗೆ ಮಾಡಿದರೆ ಪ್ರಿಂಟರ್ ತನ್ನ ಸ್ವಂತ ಅಕ್ಷರದಲ್ಲೇ ಹೊಡೆಯುತ್ತದೆ. 15 ಎಂಬ ಸಂಕೇತ ಹೋದರೆ ಅಕ್ಷರ ಕಿರಿದಾಗುತ್ತದೆ, 18 ಹೋದರೆ ಮತ್ತೆ ಮೊದಲಿನಂತೆ. 1998ರ ಹುಡುಗ ಅದನ್ನೆಲ್ಲ ಸರಿಯಾಗಿಯೇ ಬರೆದಿದ್ದನಂತೆ. "ಛಲೋ ಕೆಲಸ ಮಾಡ್ಯಾನ ನೋಡ್ರಿ" ಎಂದು ಎರಡು ಸಲ ಹೇಳಿದರು. ಗರ್ರ್ ಎಂದು ಹಳೇ ಸದ್ದು ಬಂತು. ಆ ಪಟ್ಟಿಯನ್ನು ಹಳೇ ಪಟ್ಟಿಯ ಮೇಲಿಟ್ಟು, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ತೂಕದ ಕಾಲಂ ಮೇಲೆ ತೂಕ, ದರದ ಮೇಲೆ ದರ. ಒಂದು ಗೆರೆಯೂ ಆಚೀಚೆ ಇರಲಿಲ್ಲ.

ವೇಬ್ರಿಡ್ಜ್ ಕಥೆ ಬೇರೆ. ಅಲ್ಲಿನ ಸಾಫ್ಟ್‌ವೇರ್ ವಿಷುಯಲ್ ಬೇಸಿಕ್ 6ರದು. ಅದು ಹಳೆಯದೇ ಆದರೂ 32 ಬಿಟ್‌ನದು, ವಿಂಡೋಸ್ 11ರಲ್ಲೂ ಓಡುತ್ತದೆ. ಎಂಎಸ್‌ಕಾಂ ಎನ್ನುವ ಒಂದು ಫೈಲ್ ಇಲ್ಲ ಅಂತ ದೂರುತ್ತಿತ್ತು. ಹಳೇ ಕಂಪ್ಯೂಟರಿನಿಂದ ತಂದು ನೋಂದಾಯಿಸಿದ ಮೇಲೆ ತೆರೆಯಿತು. ತೂಕ ಮಾತ್ರ ಸೊನ್ನೆಯಲ್ಲೇ ನಿಂತಿತ್ತು. ಕಾಟಾದ ಇಂಡಿಕೇಟರ್‌ನಿಂದ ಬರುವ ಸೀರಿಯಲ್ ವೈರಿಗೆ ನಾವು ಒಂದು ಯುಎಸ್‌ಬಿ ಕೇಬಲ್ ಜೋಡಿಸಿದ್ದೆವು. ಡಿವೈಸ್ ಮ್ಯಾನೇಜರ್ ತೆರೆದರೆ ಅಲ್ಲಿ ಹಳದಿ ಗುರುತು. ಪಕ್ಕದಲ್ಲಿ ಕೇಬಲ್ ಒಳಗಿನ ಚಿಪ್‌ನ ಹೆಸರು, ಪಿಎಲ್2303ಎಚ್‌ಎಕ್ಸ್‌ಎ. ಈ ಚಿಪ್ 2012ರಿಂದಲೇ ನಿಂತಿದೆ, ಕೊಟ್ಟವರನ್ನು ಕೇಳಿ ಅಂತ ಬರೆದಿತ್ತು. ನಾನಂತೂ ಕಂಪ್ಯೂಟರೇ ಕೆಟ್ಟಿದೆ ಅಂದುಕೊಂಡಿದ್ದೆ. ತಪ್ಪು ಇದ್ದದ್ದು ಗೇಣುದ್ದದ ಕೇಬಲ್‌ನಲ್ಲಿ.

ಹಳೇ ಡ್ರೈವರ್ ಹಾಕಿ ಇದನ್ನೇ ಓಡಿಸುವ ದಾರಿಯೂ ಇದೆಯಂತೆ. ಬೇಡ ಎಂದರು. ವಿಂಡೋಸ್ ಅಪ್‌ಡೇಟ್ ಬಂದ ರಾತ್ರಿ ಹೊಸ ಡ್ರೈವರ್ ತಾನೇ ಕೂತು, ಬೆಳಗ್ಗೆ ಲಾರಿ ಸಾಲು ನಿಂತಾಗ ತೂಕ ಬರುವುದಿಲ್ಲ ಅಂತ. ಎಫ್‌ಟಿಡಿಐ ಚಿಪ್‌ನ ಬೇರೆ ಕೇಬಲ್ ತರಿಸಿದರು, 1,100 ರೂಪಾಯಿ. ಅದರ ಪೋರ್ಟ್ ನಂಬರ್ ಕಾಂ 7 ಅಂತ ಬಂತು. ನಮ್ಮ ಸಾಫ್ಟ್‌ವೇರ್‌ಗೆ ಗೊತ್ತಿರುವುದು 1ರಿಂದ 4 ಮಾತ್ರ. ನಂಬರ್ ಬದಲಿಸಿ ಕಾಂ 3 ಮಾಡಿದರು. ಲಾರಿ ಹತ್ತಿಸಿದೆವು. ಇಂಡಿಕೇಟರ್ ಮೇಲೆ 11,240. ಪರದೆ ಮೇಲೂ 11,240. ಹಾಗೆ ಐದು ಗಾಡಿ ತೂಗಿ ನೋಡಿದ ಮೇಲೇ ಸೈ ಎಂದರು.

ಇಲ್ಲಿ ಒಂದು ತಪ್ಪಾಯಿತು. ಡಿಸೆಂಬರ್ 5ನೇ ತಾರೀಖು ಬಂದ ತೂಕದ ಚೀಟಿಯಲ್ಲಿ ಮೇ 12 ಅಂತ ಇತ್ತು. ಹೊಸ ಕಂಪ್ಯೂಟರಿನ ರೀಜನ್ ಅಮೆರಿಕ ಅಂತ ಇದ್ದದ್ದರಿಂದ ತಿಂಗಳು ಮೊದಲು, ದಿನ ಆಮೇಲೆ ಆಗಿತ್ತು. ಸಾಫ್ಟ್‌ವೇರ್ ವಿಂಡೋಸ್ ಹೇಳಿದ ತಾರೀಖನ್ನೇ ನಂಬುತ್ತದೆ, ಅಲ್ವಾ. ಹನ್ನೊಂದು ಚೀಟಿ ಹೊರಗೆ ಹೋದ ಮೇಲೆ ನನ್ನ ಕಣ್ಣಿಗೆ ಬಿತ್ತು. ಹನ್ನೊಂದು ಡ್ರೈವರ್‌ಗಳಿಗೆ ಫೋನ್ ಮಾಡಿ ಚೀಟಿ ಬದಲಿಸಿಕೊಟ್ಟೆವು. ಅಂಗಡಿಯವರು ಫೋನ್‌ನಲ್ಲೇ ಸೆಟ್ಟಿಂಗ್ ಹೇಳಿ ಸರಿ ಮಾಡಿಸಿದರು, ತಪ್ಪು ತನ್ನದೇ ಅಂತ ಒಪ್ಪಿಕೊಂಡರು. ಆದರೂ ಐದು ಗಾಡಿ ತೂಗುವಾಗ ತೂಕದ ಜೊತೆ ತಾರೀಖೂ ನೋಡಬೇಕಿತ್ತು. ನೀವು ಇಂಥ ಕೆಲಸ ಮಾಡಿಸಿದರೆ 12ನೇ ತಾರೀಖಿನೊಳಗೆ ಒಂದು ಚೀಟಿ ತೆಗೆದು ನೋಡಿ. 12 ದಾಟಿದ ಮೇಲೆ ಈ ತಪ್ಪು ಅಡಗಿ ಕೂರಬಹುದು.

ಮಿಲ್ಲಿನ ಸಿಸಿ ಕ್ಯಾಮೆರಾ ಡಿವಿಆರ್‌ನದೂ ಒಂದು ಸಣ್ಣ ಕೆಲಸ ಇತ್ತು. ಅದು ಆ್ಯಕ್ಟಿವ್‌ಎಕ್ಸ್ ಬೇಡುವ ಹಳೇ ಪೆಟ್ಟಿಗೆ, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಚಿತ್ರ ತೋರಿಸುತ್ತದೆ. ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿಲ್ಲಿಸಿತು. ಈಗ ಎಡ್ಜ್ ಬ್ರೌಸರ್ ಒಳಗೆ ಹಳೇ ಎಕ್ಸ್‌ಪ್ಲೋರರ್ ಹಾಗೆ ಪುಟ ತೆರೆಯುವ ಐಇ ಮೋಡ್ ಅಂತ ಇದೆ. ಡಿವಿಆರ್ ವಿಳಾಸವನ್ನು ಅದಕ್ಕೆ ಸೇರಿಸಿಕೊಟ್ಟರು, ಚಿತ್ರ ಬಂತು. ಒಂದು ತಿಂಗಳಾದ ಮೇಲೆ ಮಾಯವಾಯಿತು. ಹಾಗೆ ಸೇರಿಸಿದ ವಿಳಾಸಕ್ಕೆ 30 ದಿನದ ಅವಧಿ ಮಾತ್ರ, ಮತ್ತೆ ಸೇರಿಸಬೇಕು. ಇದನ್ನು ಮೊದಲೇ ಹೇಳಬೇಕಿತ್ತು. ಮಧ್ಯಾಹ್ನ ಅವರು ಫೋನ್ ಎತ್ತುವುದೂ ಇಲ್ಲ. ಅರ್ಧ ದಿನ ಗೇಟಿನ ಕ್ಯಾಮೆರಾ ಇಲ್ಲದೆ ಕೂತೆವು. ನಾನು ಕಡಿಮೆ ಮಾಡಿದ ಒಂದು ಸ್ಟಾರ್ ತಾರೀಖಿನದು ಮತ್ತು ಇದರದು ಸೇರಿ. ಈಗ ಪ್ರತಿ ತಿಂಗಳ 1ಕ್ಕೆ ನಾನೇ ಸೇರಿಸುತ್ತೇನೆ, ಎರಡು ನಿಮಿಷದ ಕೆಲಸ. ಐಇ ಮೋಡ್ ಕನಿಷ್ಠ 2029ರವರೆಗೆ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. "ಅಷ್ಟರಾಗ ಡಿವಿಆರ್ ಬದಲಿ ಮಾಡ್ರಿ, ಇದರ ಮ್ಯಾಲೆ ಇನ್ನ ದುಡ್ಡು ಹಾಕಬ್ಯಾಡ್ರಿ" ಎಂದು ಸಾವಕಾರರಿಗೆ ನೇರವಾಗಿಯೇ ಹೇಳಿದರು. ಎಲ್ಲ ಹಳೆಯದನ್ನೂ ಉಳಿಸಲೇಬೇಕು ಎನ್ನುವ ಹಟ ಅವರಿಗಿಲ್ಲ.

ಕೇಬಲ್‌ಗಳು ಬಿಟ್ಟು ಒಟ್ಟು ಕೂಲಿ 4,500 ರೂಪಾಯಿ. ಮಿಲ್ಲಿಗೆ ಮೂರು ಸಲ ಬಂದು ಹೋದದ್ದೂ ಅದರಲ್ಲೇ. ಬಿಲ್ ಕೇಳಿದರೆ ಕೊಡುತ್ತಾರೆ, ಕೇಳಬೇಕು. ಕೆಲಸ ನಿಧಾನ. ಇವತ್ತು ಕೊಟ್ಟು ನಾಳೆ ಬೇಕು ಅನ್ನುವವರು ಹೋಗಬೇಡಿ. ಸುಗ್ಗಿಗೆ ಒಂದು ತಿಂಗಳು ಮುಂಚೆ ಹೋಗಿ.

ಪಟ್ಟಿಯ ತಲೆಬರಹದ ವಿಷಯ ಹೇಳಲೇಬೇಕು. ಊರಿನ ಹೆಸರು 2014ರ ನವೆಂಬರ್ 1ಕ್ಕೆ ಕಲಬುರಗಿ ಆಯಿತು. ನಮ್ಮ ಪಟ್ಟಿಯ ಮೇಲೆ ಇಂಗ್ಲಿಷ್‌ನಲ್ಲಿ ಗುಲ್ಬರ್ಗಾ ಅಂತಲೇ ಬರುತ್ತಿತ್ತು. ಪ್ರೋಗ್ರಾಂ ಒಳಗೇ ಬರೆದ ಹೆಸರು, ಬದಲಿಸಲು ಮೂಲ ಫೈಲ್ ಇಲ್ಲ. ಹನ್ನೊಂದು ವರ್ಷದಿಂದ ನಾನು ರೈತರ ಕಾಪಿಯ ಮೇಲೆ ಕಲಬುರಗಿ ಎಂಬ ರಬ್ಬರ್ ಸ್ಟ್ಯಾಂಪ್ ಒತ್ತುತ್ತಿದ್ದೆ. ಇದೊಂದು ಆಗುತ್ತದಾ ಅಂತ ಕೇಳಿದೆ. ಮೊದಲು ಬೇಡ ಎಂದರು. ಪ್ರೋಗ್ರಾಂ ಒಳಗೆ ಕೈ ಹಾಕಿದರೆ ಒಂದು ಅಕ್ಷರ ಉದ್ದ ಆದರೂ ಎಲ್ಲ ಕೆಡುತ್ತದೆ. ಗುಲ್ಬರ್ಗಾಕ್ಕೆ ಇಂಗ್ಲಿಷ್‌ನಲ್ಲಿ 8 ಅಕ್ಷರ, ಕಲಬುರಗಿಗೆ 10.

ಆಮೇಲೆ ಒಂದು ಕಾಪಿ ಮಾಡಿ, ಫೈಲಿನ ಒಳಗಿನ ಅಕ್ಷರಗಳನ್ನು ನೇರವಾಗಿ ತಿದ್ದುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿದರು. ಹೆಸರು ಕಾಗದದ ನಡುವೆ ಬರಲಿ ಅಂತ ಆ ಹುಡುಗ ಎಡಕ್ಕೂ ಬಲಕ್ಕೂ ಖಾಲಿ ಜಾಗ ಬಿಟ್ಟು ಬರೆದಿದ್ದ. "ಜಾಗ ಅದ ಅಕ್ಕಾ" ಎಂದರು. ಎಡದ ಒಂದು ಖಾಲಿ, ಬಲದ ಒಂದು ಖಾಲಿ ತೆಗೆದುಕೊಂಡು ಹತ್ತು ಅಕ್ಷರ ಕೂರಿಸಿದರು. ಒಟ್ಟು ಉದ್ದ ಮೊದಲಿದ್ದಷ್ಟೇ. ಕಾಪಿಯಲ್ಲಿ ಎರಡು ದಿನ ಓಡಿಸಿ ನೋಡಿ, ಆಮೇಲೆ ಅದನ್ನೇ ಇಟ್ಟುಕೊಳ್ಳಲು ಹೇಳಿದರು. ಇದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಕೊನೆಯ ದಿನ ನನಗೆ ಒಂದು ಪಾಠ ಮಾಡಿಸಿದರು. ಲಿಬ್ರೆ ಆಫೀಸ್ ಎನ್ನುವ ಉಚಿತ ಸಾಫ್ಟ್‌ವೇರ್ ಹಾಕಿ, ಡಿಬಿಎಫ್ ಫೈಲನ್ನು ನೇರವಾಗಿ ಅದರಲ್ಲಿ ತೆರೆಯುವುದು ಹೇಗೆ ಅಂತ. ಯಾವಾಗಲೂ ಕಾಪಿಯನ್ನೇ ತೆರೆಯಬೇಕು, ಮೂಲ ಮುಟ್ಟಬಾರದು, ತಿಂಗಳಿಗೊಮ್ಮೆ ಬೇರೆ ಹೆಸರಲ್ಲಿ ಉಳಿಸಬೇಕು. "ನಾಳೆ ನಾನೂ ಇರಲ್ಲ, ವಿಡಾಸೂ ಇರಲ್ಲ ಅಂತ ತಿಳ್ಕೋರಿ. ರೈತರ ಲೆಕ್ಕ ನಿಮ್ಮ ಕೈಯಾಗ ಇರಬೇಕು." ನನ್ನ ಕೈಯಲ್ಲೇ ಮೂರು ಸಲ ಮಾಡಿಸಿದರು. ಮೂರನೇ ಸಲ ನಾನು ಎಲ್ಲಕ್ಕಿಂತ ಹಳೇ ಫೈಲ್ ತೆಗೆದೆ. ಮೊದಲ ಸಾಲಿನಲ್ಲಿ 98ನೇ ಇಸವಿಯ ಒಂದು ತಾರೀಖು, ತೊಗರಿ, 14 ಚೀಲ. ಮುಂದೆ ಒಬ್ಬ ರೈತರ ಹೆಸರು. ಈ ಸುಗ್ಗಿಯಲ್ಲಿ ಅವರ ಮೊಮ್ಮಗ ಬಂದಿದ್ದ. ಅದೇ ನಂಬರ್ ಹೊಡೆದು ಪಟ್ಟಿ ಕೊಟ್ಟೆ. ಸ್ಟ್ಯಾಂಪ್ ಒತ್ತಲಿಲ್ಲ.